ಮೂಕಿ ಚಿತ್ರದ ನಡುವೆ ಒಂದು ಮಾತು

ಕೊಯಮತ್ತೂರಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು ಮೈಸೂರು ಕಡೆಯವರು. ಅವರ ಕನ್ನಡ ಕೇಳಿದರೆ ನನಗೆ ಬಾಯಿ ಕಟ್ಟುತ್ತಿತ್ತು. ನಮ್ಮದು ಅರ್ಧ ತಮಿಳು ಬೆರೆತ ಮನೆಮಾತು. ಆಗ ನನಗೆ ಕನ್ನಡ ಓದಲೂ ಬರುತ್ತಿರಲಿಲ್ಲ. ಕೈಗೆ ವಾಚು ಕಟ್ಟಿಕೊಂಡೇ ಅವರು ಗಂಟೆ ಎಷ್ಟೆಂದು ಕೇಳಲು ಕೆಳಗಿಳಿಯುತ್ತಿದ್ದರು. ನಾನು ತಮಿಳಿನಲ್ಲಿ ಗಂಟೆ ಹೇಳಿ ಒಳಗೆ ಓಡುತ್ತಿದ್ದೆ. ಮನಸ್ಸು ಮಾತ್ರ ಮಹಡಿ ಮೆಟ್ಟಿಲ ಮೇಲೇ ಕೂತಿರುತ್ತಿತ್ತು. ಬೇಸಿಗೆ ರಜೆಗೆ ಅವರು ಊರಿಗೆ ಹೊರಡುವವರಿದ್ದರು, ಹೆಣ್ಣು ನೋಡಲಂತೆ. ಕೇಳಿ ನನಗೆ ಅನ್ನ ಸೇರಲಿಲ್ಲ.

ಅದಕ್ಕೆ ಮುಂಚಿನ ಭಾನುವಾರ ಕಾಲೇಜಿನ ಪ್ರೊಜೆಕ್ಟರ್ ತಂದು, ಅಪ್ಪನ ಬಿಳಿ ಪಂಚೆಯನ್ನು ನಡುಮನೆಯ ಗೋಡೆಗೆ ಕಟ್ಟಿ, ಒಂದು ಮೂಕಿ ಚಿತ್ರ ತೋರಿಸಿದರು. ಸಂಕೋಚದ ಹುಡುಗನೊಬ್ಬ ಹುಡುಗಿಗೆಂದು ತಂದ ಹೂಗಳನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದಾನೆ; ಹಿಂದಿನಿಂದ ಮೇಕೆಯೊಂದು ಅವನ್ನು ಮೇಯುತ್ತಿದೆ. ನೆಗಮಂ ಸೀರೆಯ ಸೆರಗನ್ನು ಬಾಯಿಗೊತ್ತಿಕೊಂಡು ಅಜ್ಜಿ ನಕ್ಕಳು. ತಮಿಳು ಬಿಟ್ಟು ಬೇರೆ ಬಾರದ ಪಕ್ಕದ ಮನೆಯವರೂ ಅದೇ ಗಳಿಗೆಗೆ ನಕ್ಕರು. ಯಾವುದೋ ದೇಶದ, ಎಂದೋ ತೀರಿಹೋದ ಜನ, ಒಂದಕ್ಷರ ಆಡದೆ ನಮ್ಮನ್ನೆಲ್ಲ ಒಟ್ಟಿಗೆ ನಗಿಸುತ್ತಿದ್ದಾರಲ್ಲ! ನನ್ನ ಮೈ ಜುಮ್ಮೆಂದಿತು.

"ಇವ್ರೆಲ್ಲ ಈಗ ಇದಾರಾ ಕಣ್ಣು?" ಎಂದಳು ಅಜ್ಜಿ. ಮುದ್ದಿಗೆ ಅವಳು ನನ್ನನ್ನು ಕರೆಯುವುದೇ 'ಕಣ್ಣು' ಎಂದು.

ಇಲ್ಲವೆಂದು ತಲೆಯಾಡಿಸಿದೆ. ಅವಳು ಪಂಚೆಗೆ ಕೈ ಮುಗಿದಳು.

ಹುಡುಗ ಬರಿಯ ಕಡ್ಡಿಗಳನ್ನು ಚಾಚುವ ಹೊತ್ತಿಗೆ ರೀಲು ಸಿಕ್ಕಿಕೊಂಡು ಪಂಚೆ ಬೆಳ್ಳಗಾಯಿತು.

"ತಾಳಿ, ತಾಳಿ!" ಎಂದು ಕೂಗಿದರು ಮೇಷ್ಟ್ರು.

ನಮ್ಮ ಮನೆಮಾತಿನಲ್ಲಿ ತಾಳಿ ಎಂದರೆ ಕೊರಳಿಗೆ ಕಟ್ಟುವುದು, ಅಷ್ಟೇ. ಕಾಯಿರಿ ಎನ್ನಬೇಕಾದರೆ 'ಇರಿ' ಎನ್ನುತ್ತೇವೆ. ಅಜ್ಜಿ ಗಾಬರಿಯಾಗಿ ಎದ್ದು ನಿಂತಳು.

"ತಾಳಿಯಾ? ಯಾರ್ಗೆ ತಂಬಿ?"

"ಎಲ್ಲರಿಗೂ ಅಜ್ಜಿ," ಎಂದರು ಅವರು, ರೀಲು ಬಿಡಿಸುತ್ತಾ.

"ಎಲ್ಲಾರ್ಗೂವಾ! ಅಯ್ಯೋ ಮುರುಗಾ!"

ಇನ್ನೂ ಸುಮ್ಮನಿದ್ದರೆ ಅಜ್ಜಿ ಅವರನ್ನು ಮನೆಯಿಂದಲೇ ಓಡಿಸಿಬಿಡುತ್ತಿದ್ದಳು. "ಅವ್ರು ಇರಿ ಅಂತಾರೆ ಅಜ್ಜಿ, ಅವ್ರೂರ್ ಕನ್ನಡ ಅದು. ನೀ ಸುಮ್ಕೆ ಕೂಕೋ!" ಎಂದುಬಿಟ್ಟೆ. ಅಂದ ಮೇಲೆ ನಾಲಗೆ ಕಚ್ಚಿಕೊಂಡೆ.

ಅವರು ನಗಲಿಲ್ಲ. ಪಂಚೆಯ ಮೇಲಿನ ಬೆಳಕೆಲ್ಲ ಅವರ ಮುಖದಲ್ಲಿತ್ತು.

"ಇಷ್ಟು ಚೆಂದದ ಕನ್ನಡವನ್ನು ಇಷ್ಟು ದಿನ ಯಾಕ್ರೀ ಬಚ್ಚಿಟ್ಟಿದ್ರಿ?" ಎಂದರು. ಆಮೇಲೆ ಮೆಲ್ಲಗೆ, "ನಿಮ್ಮಲ್ಲಿ ತಾಳಿಗೆ ಒಂದೇ ಅರ್ಥವಾ?"

"ಒಂದೇ," ಎಂದೆ.

ಅವರು ರೀಲನ್ನು ಕೈಯಲ್ಲೇ ಹಿಡಿದುಕೊಂಡು ಅಜ್ಜಿಯ ಕಡೆ ತಿರುಗಿದರು.

"ಹಾಗಾದ್ರೆ ಎಲ್ಲರಿಗೂ ಅಲ್ಲ ಅಜ್ಜಿ," ಎಂದರು. "ಒಬ್ಬರಿಗೆ."