ಐದನೆಯ ಒಲೆ

ಖಾನಾಪುರದಿಂದ ಬೆಳಗಾವಿಗೆ ಹೋಗುವ ಬಸ್ಸಿನಲ್ಲಿ ಒಂಟಿ ಕಾಲಿನ ಮೇಲೆ ನಿಂತವರೆಲ್ಲ ಒಂದೇ ಮಾತು ಆಡುತ್ತಾರೆ: "ಜನಾ ಭಾಳ ಆಗೇತ್ರಿ." ಹೀಗನ್ನುವವರು ಯಾರೂ ತಮ್ಮನ್ನು ಆ ಜನದಲ್ಲಿ ಸೇರಿಸಿಕೊಂಡಿರುವುದಿಲ್ಲ. ಹೆಚ್ಚಾದವರು ಯಾವಾಗಲೂ ಬೇರೆಯವರು. ನಾನೂ ಬಹಳ ವರ್ಷ ಈ ಮಾತನ್ನು ಗಟ್ಟಿಯಾಗಿ ಆಡಿದವನೇ. ಈಗ ಸುಮ್ಮನಿರುತ್ತೇನೆ. ಹೋದ ಸಲ ಹಾಗೆ ಅಂದು ಸುತ್ತ ನೋಡಿದರೆ, ಮುಂದಿನ ಸೀಟಿನಲ್ಲಿ, ನಡುವೆ, ಬಾಗಿಲ ಮೆಟ್ಟಿಲ ಮೇಲೆ, ಎಲ್ಲ ಕಡೆ ನನ್ನ ಮೊಮ್ಮಕ್ಕಳೇ ಇದ್ದರು.

ನನಗೆ ನಾಲ್ವರು ಗಂಡು, ಇಬ್ಬರು ಹೆಣ್ಣು. ಇಬ್ಬರೇ ಸಾಕೆಂದು ಸರಕಾರ ಊರ ಗೋಡೆಗಳ ಮೇಲೆಲ್ಲ ಕೆಂಪು ತ್ರಿಕೋನ ಬರೆಸಿದ ಕಾಲ ಅದು. ನಮ್ಮ ಗೋಡೆ ರಸ್ತೆಗೆ ಚೆನ್ನಾಗಿ ಕಾಣುತ್ತದೆಂದು ಅದರ ಮೇಲೂ ಬರೆದರು. ಆ ತ್ರಿಕೋನಕ್ಕೆ ಒರಗಿ ಕೂತೇ ನನ್ನ ಹೆಂಡತಿ ಗಂಗವ್ವ ಆರೂ ಕೂಸುಗಳಿಗೆ ಎಣ್ಣೆ ಹಚ್ಚಿದ್ದು. ನಾನಾಗ ಹಂಚಿನ ಕಾರ್ಖಾನೆಯಲ್ಲಿ ಕಾರಕೂನ. ನರ್ಸಬಾಯಿ ಬಂದು, "ಕಾರಕೂನರ, ನೀವು ಸಾಲಿ ಕಲತಾವ್ರು. ನೀವ ಹಿಂಗ ಮಾಡಿದ್ರ ಹ್ಯಾಂಗ್ರೀ?" ಎಂದಳು. ನಾನು ಮ್ಯಾಟ್ರಿಕ್ ಭೂಗೋಳದ ಬಲದಿಂದ, ಈ ದೇಶದಲ್ಲಿ ನೆಲ, ನೀರು, ಕಾಡು ಎಷ್ಟೆಲ್ಲ ಬಿದ್ದಿದೆಯೆಂದು ಆಕೆಗೆ ಪಾಠ ಹೇಳಿ, ಚಹಾ ಕುಡಿಸಿ ಕಳಿಸಿದೆ. ಹೆರುವವಳನ್ನು ಮಾತ್ರ ನಾನು ಒಂದು ಮಾತೂ ಕೇಳಲಿಲ್ಲ.

ಆ ನೆಲ ಖಾಲಿಯಾದದ್ದು ನನ್ನ ಕಣ್ಣೆದುರೇ. ಬೆಳಗಾವಿಯ ವಡಗಾವಿ ಕಡೆ ಬಾಸುಮತಿ ಗದ್ದೆಗಳಿದ್ದವು. ತೆನೆ ಬಂದಾಗ ಅಲ್ಲಿ ಸೈಕಲ್ ಹೊಡೆದರೆ ಉಂಡವನಿಗೂ ಹಸಿವೆಯಾಗುತ್ತಿತ್ತು. ಈಗ ಅಲ್ಲಿ ಪ್ಲಾಟುಗಳಿವೆ, ನನ್ನ ಇಬ್ಬರು ಅಳಿಯಂದಿರ ಮನೆಗಳೂ ಇವೆ. ಅನ್ನ ಬೆಳೆಯುವ ನೆಲದ ಮೇಲೆ ಮನೆ ಕಟ್ಟಿ, ಆ ಮನೆಗೆ ದೂರದ ರಾಜ್ಯದಿಂದ ರೈಲಿನಲ್ಲಿ ಅಕ್ಕಿ ತರಿಸುವುದಕ್ಕೆ ಅಭಿವೃದ್ಧಿ ಅನ್ನುತ್ತಾರೆ. ತರಿಸಿದ್ದನ್ನು ಹಂಚುವುದಕ್ಕೆ ಯೋಜನೆ ಅನ್ನುತ್ತಾರೆ.

ನಾನು ಜಾರಿದ್ದು ಆ ಹಂಚಿಕೆಯಲ್ಲಿ. ಆಗ ರೇಶನ್ ಅಕ್ಕಿ ತಲೆಗೆ ಇಷ್ಟು ಎಂದಿರಲಿಲ್ಲ, ಕಾರ್ಡಿಗೆ ಇಷ್ಟು. ಒಂದು ಒಲೆ ಇದ್ದರೆ ಒಂದು ಕುಟುಂಬ, ಒಂದು ಕಾರ್ಡು. ನಾಲ್ವರು ಗಂಡುಮಕ್ಕಳ ಮದುವೆಯಾಗಿ ಮನೆ ತುಂಬಿದ ಮೇಲೆ ಆ ಅಕ್ಕಿ ಎಲ್ಲಿಗೆ ಸಾಲಬೇಕು? ಜನ ಹೆಚ್ಚಾಗಲು ಒಂಬತ್ತು ತಿಂಗಳು ಬೇಕು. ಕುಟುಂಬ ಹೆಚ್ಚಾಗಲು ಒಂದು ಬುಟ್ಟಿ ಮಣ್ಣು ಸಾಕು. ಮೂಲೆಗೊಂದರಂತೆ ನಾಲ್ಕು ಒಲೆ ಹೂಡಿಸಿದೆ. ಇನ್ಸ್‌ಪೆಕ್ಟರ್ ಬರುವ ದಿನಕ್ಕೆಂದು ಸೊಸೆಯಂದಿರಿಗೆ ಒಂದು ಸುಳ್ಳು ಜಗಳವನ್ನೂ ಕಲಿಸಿದೆ. ಹಿರಿಸೊಸೆ ಶಾಂತಾ ಕಿರಿಸೊಸೆ ಶೋಭಾಳಿಗೆ, "ನನ್ನ ಒಲಿ ಬಾಜೂಕ ಬರಬ್ಯಾಡ" ಎಂದವಳೇ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ಇನ್ಸ್‌ಪೆಕ್ಟರ್ ಅದನ್ನು ಅಳುವೆಂದು ತಿಳಿದ. ಹೀಗೆ ನಾಲ್ಕು ಕಾರ್ಡಾದವು. ಆ ಸಂಜೆ ದೊಡ್ಡ ಬೋಗುಣಿಯಲ್ಲಿ ಒಂದೇ ಅನ್ನ ಮಾಡಿ, ಸರಕಾರವನ್ನು ನೆನೆದು ನಗುತ್ತ ಉಂಡೆವು.

ಒಲೆಗಳನ್ನು ಮರುದಿನವೇ ಕೆಡವಬೇಕಿತ್ತು. ಮತ್ತೆ ತಪಾಸಣೆ ಬಂದರೆ ಎಂದು ಇಟ್ಟುಕೊಂಡೆ. ಖಾಲಿ ಒಲೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಒಬ್ಬಳು ಕೂಸಿಗೆ ಹಾಲು ಕಾಯಿಸಿದಳು, ಇನ್ನೊಬ್ಬಳು ಗಂಡನಿಗೆ ಬೇರೆ ಚಹಾ ಇಟ್ಟಳು. ಚಹಾದಿಂದ ಬೇಳೆಗೆ, ಬೇಳೆಯಿಂದ ಬೀಗಕ್ಕೆ ಬಹಳ ದಿನ ಹಿಡಿಯಲಿಲ್ಲ. ಈಗ ನಾಲ್ಕು ಗ್ಯಾಸು, ಬೆಲ್ಲದ ನಾಲ್ಕು ಡಬ್ಬಿಗೂ ಬೀಗ. ಮನೆಯ ಯಜಮಾನಿಗೆ ಸರಕಾರ ತಿಂಗಳ ಹಣ ಕೊಡತೊಡಗಿದ ಮೇಲಂತೂ ಒಂದೇ ಸೂರಿನಡಿ ನಾಲ್ವರು ಯಜಮಾನಿಯರು. ನಾನೂ ಗಂಗವ್ವನೂ ವಾರಕ್ಕೊಬ್ಬರ ಪಾಳಿಯಲ್ಲಿ ಉಣ್ಣುತ್ತೇವೆ.

ಈ ಶ್ರಾವಣದಲ್ಲಿ ಗಂಗವ್ವ, "ಪಂಚಮಿ ಉಂಡಿ ಒಂದ ಬೋಗುಣ್ಯಾಗ ಮಾಡಬೇಕು. ಎಲ್ಲಾರೂ ಕೂಡಿ ತಿನ್ನೂದ ಒಮ್ಮೆ ನೋಡೂಣು" ಎಂದಳು. ಆರು ಹೆತ್ತವಳು ಇಷ್ಟು ವರ್ಷದಲ್ಲಿ ಕೇಳಿದ್ದು ಇದೊಂದೇ. ಶಾಂತಾ ಒಪ್ಪಲಿಲ್ಲ. "ಅತ್ತಿ, ತಪಾಸಣಿ ನಡದೈತಿ. ಒಂದ ಒಲಿ ಅಂತ ಗೊತ್ತಾದ್ರ ಕಾರ್ಡ ಹೋಗತಾವ. ಮಾವಾರನ್ನ ಕೇಳ್ರಿ, ಅವರ ಹೇಳಿಕೊಟ್ಟಾರ." ಗಂಗವ್ವ ನನ್ನ ಮುಖ ನೋಡಿದಳು. ನಾನು ಮುಖ ತಿರುಗಿಸಿದೆ.

ಅದೇ ವಾರ ತಪಾಸಣೆಗೆ ಎಳೆಯ ವಯಸ್ಸಿನ ಇನ್ಸ್‌ಪೆಕ್ಟರ್ ಬಾಯಿ ಬಂದಳು. ಮಕ್ಕಳು ಕೆಲಸಕ್ಕೆ ಹೋಗಿದ್ದರು. ಆದದ್ದಾಗಲಿ ಎಂದು ಹೇಳಿಬಿಟ್ಟೆ. "ಬಾಯಾರ, ಇದು ಒಂದ ಕುಟುಂಬ. ಹಿಂದ ನಾನ ಸುಳ್ಳ ಹೇಳಿ ನಾಕು ಮಾಡೇನಿ. ಮೂರು ಕಾರ್ಡ ರದ್ದ ಮಾಡ್ರಿ."

ಆಕೆ ಒಳಗೆ ಹೋಗಿ ಡಬ್ಬಿಗಳ ಬೀಗ ನೋಡಿದಳು. ಅಷ್ಟರಲ್ಲಿ ಹಿತ್ತಲಿನಿಂದ ಒಂದು ಸಿವುಡು ಕೊತ್ತಂಬರಿಯ ಸಲುವಾಗಿ ಶಾಂತಾ, ಶೋಭಾರ ಜಗಳ ಕೇಳಿಸಿತು. ಈ ಸಲ ಯಾರೂ ಸೆರಗು ಬಾಯಿಗೆ ಒತ್ತಿಕೊಳ್ಳಲಿಲ್ಲ.

"ಅಜ್ಜಾರ, ಯಾಕ ಸುಳ್ಳ ಹೇಳ್ತೀರಿ? ಸೊಸಿದೇರ ಮ್ಯಾಲಿನ ಸಿಟ್ಟ ಸರಕಾರದ ಮುಂದ ತೀರಸಬ್ಯಾಡ್ರಿ" ಎಂದಳು ಬಾಯಿ. "ನೀವಿಬ್ಬರು ಎಲ್ಲಿ ಉಣತೀರಿ?"

"ಪಾಳಿ ಮ್ಯಾಲ."

"ಹಂಗಾರ ನೀವು ಯಾರ ಕುಟುಂಬದಾಗೂ ಇಲ್ಲ. ನಿಮ್ಮದ ಬ್ಯಾರೆ ಒಂದು ಕಾರ್ಡ ಮಾಡಸ್ರಿ."

ಸುಳ್ಳು ಹೇಳಿದಾಗ ನಾಲ್ಕು ಕುಟುಂಬವಾಗಿದ್ದವು; ನಿಜ ಹೇಳಿದ್ದಕ್ಕೆ ಐದಾದವು. ತಲೆ ತಗ್ಗಿಸಿ ಕೂತಿದ್ದೆ. ಗಂಗವ್ವ ಮಾತ್ರ ಎದ್ದು, "ಅಟ್ಟದ ಮ್ಯಾಲಿನ ಬೋಗುಣಿ ತಗೀರಿ. ನಮಗೂ ಒಂದ ಒಲಿ ಹೂಡಂತ ಸರಕಾರನ ಹೇಳೇತಿ" ಎಂದಳು.

ಪಂಚಮಿಯ ದಿನ ಪಡಸಾಲೆಯ ಹೊಸ ಮಣ್ಣೊಲೆಯ ಮೇಲೆ ಗಂಗವ್ವ ಎಳ್ಳು ಹುರಿದಳು. ಅದು ಯಾವ ಸೊಸೆಯ ಒಲೆಯೂ ಅಲ್ಲವಾದ್ದರಿಂದ ಅದರ ಹತ್ತಿರ ಬಂದರೆ ಯಾರೂ ಸೋತಂತಾಗುತ್ತಿರಲಿಲ್ಲ. ಮೊದಲು ಮೊಮ್ಮಕ್ಕಳು ಬಂದರು, ಹಿಂದೆಯೇ ಅವರ ತಾಯಂದಿರು. ಶಾಂತಾ ತನ್ನ ಡಬ್ಬಿಯ ಬೀಗ ತೆಗೆದು, "ಇಷ್ಟ ಬೆಲ್ಲ ಎಲ್ಲಿ ಸಾಲತೈತ್ರಿ ಅತ್ತಿ" ಎನ್ನುತ್ತ ಸುರಿದಳು. ಎದುರಿಗೆ ಕೂತು ಶೋಭಾ ಉಂಡಿ ಕಟ್ಟತೊಡಗಿದಳು. ಅರ್ಧ ಉಂಡಿ ಕಟ್ಟಿದ ಮೇಲೆ ತಲೆಯೆತ್ತದೆಯೇ, "ಮಾವಾರ, ಮುಂದಿನ ಬಾಗಲಾ ಹಾಕ್ರಿ. ನಾವು ಕೂಡಿದ್ದ ಯಾರರ ನೋಡ್ಯಾರು" ಎಂದಳು.

ಶಾಂತಾ ಸೆರಗು ಬಾಯಿಗೆ ಒತ್ತಿಕೊಂಡಳು.

ನಾನು ಎದ್ದು ಹೋಗಿ ಅಗಳಿ ಹಾಕಿದೆ. ನಾಳೆ ಮತ್ತೆ ಬೀಗ ಬಿದ್ದಾವು, ನಾಳೆಯಿಂದ ಶೋಭಾಳ ಪಾಳಿ. ಆದರೆ ನನ್ನ ಕೈಯಿಂದಲೇ ನಿಜವಾಗಿಹೋಗಿದ್ದ ಆ ಸುಳ್ಳು, ಒಂದು ಮಧ್ಯಾಹ್ನದ ಮಟ್ಟಿಗೆ ಮತ್ತೆ ಸುಳ್ಳಾಯಿತು.