ಮುಳ್ಳು ಸೊನ್ನೆಗೆ ಬಂದ ಮೇಲೆ

ಅಹಮದಾಬಾದಿನ ವಟ್ವಾದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಣ್ಣದ ಕಾರ್ಖಾನೆಯೊಂದರ ಅಂಗಳದಲ್ಲಿ, ಉಕ್ಕಿನ ಟ್ಯಾಂಕಿನ ನೆತ್ತಿಯ ಮೇಲೆ ಭರತೇಶ್ ಮಂಡಿಯೂರಿ ಕುಳಿತಿದ್ದಾರೆ. ತೆರೆದ ಬಾಯಿಯೊಳಕ್ಕೆ ಸಣ್ಣ ಕೊಳವೆಯೊಂದನ್ನು ಇಳಿಬಿಡುತ್ತಿದ್ದಾರೆ. ಅದರ ಇನ್ನೊಂದು ತುದಿ ಅವರ ಎದೆಗೆ ಸಿಕ್ಕಿಸಿದ ಅಂಗೈಯಗಲದ ಮೀಟರಿನಲ್ಲಿದೆ. ಪಕ್ಕದಲ್ಲಿ ಟ್ಯಾಂಕ್ ತೊಳೆಯುವ ಕಾಂತಿಭಾಯ್, ಮೈಗೆ ಹಗ್ಗ ಬಿಗಿದುಕೊಂಡು ಇಳಿಯಲು ಸಿದ್ಧ. ಅವರು ಇಳಿಯಬಹುದೋ ಬೇಡವೋ ಎಂದು ಹೇಳುವುದೇ ಭರತೇಶರ ಕೆಲಸ.

"ಅರೇ ಭರತ್‌ಭಾಯ್, ಕಾಂಟೋ ಝೀರೋ ಛೇ ನೇ! ಚಾಲೋ, ಚಾಲೋ!" ಕೆಳಗಿನಿಂದ ಸೂಪರ್‌ವೈಸರ್ ಜಿಗ್ನೇಶ್‌ಭಾಯ್ ಮೂಗಿನಲ್ಲೇ ರಾಗ ಎಳೆಯುತ್ತಾರೆ. ಟ್ಯಾಂಕಿನ ಒತ್ತಡಮಾಪಕದ ಮುಳ್ಳು ಸೊನ್ನೆಯಲ್ಲಿದೆ, ಇನ್ನೇನು ತಡ ಎಂಬುದು ಅವರ ವಾದ.

ಭರತೇಶರನ್ನು ಚುಚ್ಚುವುದು ಆ ಮುಳ್ಳೇ. ಮಿಶ್ರಣದೊಳಗೆ ಪ್ರತಿ ಅನಿಲವೂ ಉಳಿದವು ಇಲ್ಲವೇ ಇಲ್ಲವೆಂಬಂತೆ ತನ್ನ ಪಾಲಿನ ಒತ್ತಡವನ್ನು ತಾನು ಹಾಕುತ್ತದೆ. ಮುಳ್ಳಿಗೆ ಗೊತ್ತಿರುವುದು ಒಟ್ಟು ಮೊತ್ತ. ಸೊನ್ನೆ ಎಂದರೆ ಒಳಗೂ ಹೊರಗೂ ಒತ್ತಡ ಸಮ, ಅಷ್ಟೇ. ಹೊರಗಿನ ಗಾಳಿಯಲ್ಲಿ ಆಮ್ಲಜನಕದ ಪಾಲು ಐದರಲ್ಲೊಂದು. ಒಳಗೆ? ದ್ರಾವಕದ ಆವಿ ಹೊತ್ತಿಕೊಳ್ಳದಿರಲೆಂದು ನಿನ್ನೆ ಸಾರಜನಕ ತುಂಬಿದ್ದಾರೆ.

ಕಾರ್ಕಳದ ಜೈನರಾದ ಭರತೇಶ್ ಗುಜರಾತಿಗೆ ಬಂದದ್ದು ನರೋಡಾದ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಗೆ. ಅವರ ವಿವರಣೆಯೂ ಅಲ್ಲಿಯದೇ. "ಹೋಟೆಲು ಭರ್ತಿ ಉಂಟು ಅಂತ ಹೊರಗೆ ನಿಂತೇ ಹೇಳಬಹುದು ಮಾರಾಯ್ರೆ. ಒಳಗೆ ನಮ್ಮವರು ಎಷ್ಟು ಜನ ಅಂತ ಹೇಳ್ಲಿಕ್ಕೆ ಆಗ್ತದಾ? ಹೋಗಿಯೇ ನೋಡ್ಬೇಕು. ಇಲ್ಲಿ ಹೋಗಿ ನೋಡಿದವ ವಾಪಸ್ ಬರುದಿಲ್ಲ."

ಮೀಟರು ಶೇಕಡಾ ಇಪ್ಪತ್ತೊಂದರ ಹತ್ತಿರ ನಿಂತಿದೆ. ಹೊರಗಿನ ಗಾಳಿಯಷ್ಟೇ ಆಮ್ಲಜನಕ! ಮೇಲೆ ಹತ್ತಿ ಬಂದ ಜಿಗ್ನೇಶ್‌ಭಾಯ್ ಅಂಕಿ ನೋಡಿ ಹೆಬ್ಬೆರಳೆತ್ತುತ್ತಾರೆ. ಕಾಂತಿಭಾಯ್ ಒಂದು ಕಾಲು ಒಳಗಿಡುತ್ತಾರೆ.

ಭರತೇಶ್ ಕಾಂತಿಭಾಯ್ ಅಂಗಿಯ ಕಾಲರನ್ನೇ ಹಿಡಿದೆಳೆಯುತ್ತಾರೆ. "ಬೈಠೋ!" ಆಮೇಲೆ ಕಣ್ಣು ಮುಚ್ಚದೆ, ಮೀಟರನ್ನೇ ನೋಡುತ್ತ, ತುಟಿಯಲ್ಲೇ ಪಂಚನಮಸ್ಕಾರ ಮಂತ್ರ ಹೇಳಿಕೊಳ್ಳುತ್ತಾರೆ.

"ಚಾಲೋ, ಪೂಜಾ ಶುರು," ಎಂದು ಜಿಗ್ನೇಶ್‌ಭಾಯ್ ಕೈಮುಗಿದು ಅಣಕಿಸುತ್ತಾರೆ.

ಅದು ಭಕ್ತಿಯೂ ಹೌದು, ಗಡಿಯಾರವೂ ಹೌದು. ಕೊಳವೆ ಉದ್ದ, ಅದರೊಳಗೆ ಮೊದಲೇ ತುಂಬಿದ್ದ ಹೊರಗಿನ ಗಾಳಿ ಖಾಲಿಯಾಗಿ ತಳದ ಗಾಳಿ ಮೇಲೆ ಬರಲು ಹೊತ್ತು ಬೇಕು. ಅಷ್ಟರೊಳಗೆ ಕಂಡ ಅಂಕಿ ಟ್ಯಾಂಕಿನದಲ್ಲ, ಅಂಗಳದ್ದು. ಈ ಕೆಲಸದಲ್ಲಿ ಆತುರದವರು ಮಾಡುವ ತಪ್ಪು ಇದೇ.

ಮಂತ್ರ ಮುಗಿಯುವ ಮೊದಲೇ ಅಂಕಿ ಜಾರುತ್ತದೆ. ಹದಿನೇಳು. ಹನ್ನೊಂದು. ಆರು. ಮೀಟರು ಕಿರುಚಿಕೊಳ್ಳುತ್ತದೆ. ಯಾರೂ ಹೇಳದೆಯೇ ಕಾಂತಿಭಾಯ್ ಟ್ಯಾಂಕಿನ ಬಾಯಿಯಿಂದ ದೂರ ಸರಿದು ಕೂರುತ್ತಾರೆ. ಅಣಕಿಸಿದ ಕೈಗಳು ಮುಗಿದಂತೆಯೇ ನಿಂತಿವೆ.

ಹಿಂದೆ ಬೇರೊಂದು ಕಡೆ ಇಂಥ ಟ್ಯಾಂಕಿಗೆ ಒಬ್ಬ ಇಳಿದದ್ದನ್ನು ಭರತೇಶ್ ಕಣ್ಣಾರೆ ಕಂಡಿದ್ದಾರೆ. "ವಾಸನೆ ಇಲ್ಲ. ಉಸಿರು ಕಟ್ಟಿದ ಹಾಗೂ ಆಗುದಿಲ್ಲ. ಎರಡು ಸಲ ಉಸಿರು ಎಳೆದ, ಮಲಗಿದವನ ಹಾಗೆ ಬಿದ್ದ. ಅವನನ್ನು ಎತ್ಲಿಕ್ಕೆ ಅಂತ ಅವನ ಭಾವ ಇಳಿದ. ಅವನೂ ಮಲಗಿದ."

ಬಿಸಿಲೇರುವವರೆಗೆ ಬ್ಲೋವರ್ ಹೊಸ ಗಾಳಿ ಊದುತ್ತದೆ. ಮತ್ತೆ ಕೊಳವೆ: ಮೇಲೆ, ನಡುವೆ, ತಳದಲ್ಲಿ. ಪ್ರತಿ ಸಲವೂ ಮಂತ್ರ. ಆಮ್ಲಜನಕ ತನ್ನ ಪಾಲಿಗೆ ಮರಳಿದೆ, ಉರಿಯುವ ಆವಿಯೂ ಇಲ್ಲ. ಆಗಷ್ಟೇ ಕಾಂತಿಭಾಯ್ ಇಳಿಯುತ್ತಾರೆ. ಎಚ್ಚರವಿದ್ದಾರೆಂದು ಮೇಲಿನವರಿಗೆ ತಿಳಿಯಲು ಒಳಗಿರುವವರು ಮಾತಾಡುತ್ತಲೇ ಇರಬೇಕು ಎಂಬುದು ಭರತೇಶರ ಕಟ್ಟಪ್ಪಣೆ. ಕಾಂತಿಭಾಯ್ ಅದನ್ನು ಭರತೇಶರನ್ನೇ ಬೈಯಲು ಬಳಸುತ್ತಾರೆ. ಟ್ಯಾಂಕಿನೊಳಗಿಂದ ಗುಜರಾತಿ ಬೈಗುಳ ಗುಡುಗಿನಂತೆ ಮೊಳಗುತ್ತದೆ.

ಒಮ್ಮೆ ಅದು ನಿಲ್ಲುತ್ತದೆ. ಭರತೇಶ್ ಹಗ್ಗ ಜಗ್ಗುತ್ತಾರೆ. "ಕಾಂತಿಭಾಯ್! ಓ ಕಾಂತಿಭಾಯ್!"

"ಅರೇ, ಬೈಗುಳ ಖಾಲಿಯಾಯ್ತು ಮಾರಾಯಾ, ಯೋಚನೆ ಮಾಡ್ಲಿಕ್ಕೆ ಬಿಡು!" ಕಾಂತಿಭಾಯ್‌ಗೆ ಬರುವ ಕನ್ನಡ ಇಷ್ಟೇ, ಕಲಿಸಿದವರು ಭರತೇಶರೇ.

ಈ ಬರಹದ ಜೊತೆ ಪತ್ರಿಕೆಯಲ್ಲಿ ಹೆಸರು ಹಾಕಬಹುದೇ ಎಂದು ಕೇಳಿದರೆ ಭರತೇಶ್ ಹಗ್ಗದಿಂದ ಕಣ್ಣು ಕೀಳದೆಯೇ ಉತ್ತರಿಸುತ್ತಾರೆ.

"ಹಾಕಿ. ಆದ್ರೆ ಯಾವ ದಿನ ಬರ್ತದೆ ಅಂತ ಮೊದಲೇ ಹೇಳ್ಬೇಕು. ಹೆಂಡತಿ ತಾರಾಗೆ ನಾನೇ ತಿಳಿಸ್ತೇನೆ. ನಮ್ಮ ಕೆಲಸದವರ ಹೆಸರು ಪೇಪರಲ್ಲಿ ಬರುದು ಟ್ಯಾಂಕಲ್ಲಿ ಮಲಗಿದಾಗ ಮಾತ್ರ. ಕಂಡ್ರೆ, ಅವಳು ಪೂರ್ತಿ ಓದುದಿಲ್ಲ."