ಪಾಟಾ ಕಾಕಾ ಕೂರಿಸಿದ ಬಲೂನುಗಳು

ಅವರ ಎಡ ಮೊಣಕೈ ನೋಡಿದವರು ಮರೆಯುವುದಿಲ್ಲ. ನೊಗ ಹೊತ್ತ ಎತ್ತಿನ ಹೆಗಲಿನ ಹಾಗೆ ಅಲ್ಲಿಯ ಚರ್ಮ ಕಪ್ಪಗೆ, ದಪ್ಪಗೆ ಜಡ್ಡುಗಟ್ಟಿತ್ತು. ನಲವತ್ತು ವರ್ಷ ಲಾರಿಗಳ ಕೆಳಗೆ ಎಡ ಮಗ್ಗುಲಾಗಿ ಮಲಗಿ, ಆ ಮೊಣಕೈ ಮೇಲೆ ಭಾರ ಹಾಕಿ, ಬಲಗೈಯಲ್ಲಿ ಪಾನಾ ಹಿಡಿದು ನಟ್ಟು ತಿರುಗಿಸಿದ್ದರ ಗುರುತು ಅದು. ಚಹಾ ಕುಡಿಯಲು ಕುಳಿತಾಗ ಅದನ್ನು ಕಟ್ಟೆಯ ಕಲ್ಲಿಗೆ ಊರುತ್ತಿದ್ದರು. ಕಲ್ಲು ಬಿಸಿಲಿಗೆ ಕಾದು ಹೆಂಚಾಗಿದ್ದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಲ್ಲಿ ಅವರ ಅಂಗಡಿ. ಅಂಗಡಿ ಎಂದರೆ ನಾಲ್ಕು ತಗಡು, ಒಂದು ಬೇವಿನ ಮರ, ಮುರಿದ ಪಾಟಾಗಳ ರಾಶಿ. ಗಾಡಿಯ ಅಚ್ಚಿನ ಮೇಲೆ ಒಂದರ ಮೇಲೊಂದು ಕೂರಿಸಿದ ಬಾಗಿದ ಉಕ್ಕಿನ ಪಟ್ಟಿಗಳಿಗೆ ನಮ್ಮ ಕಡೆ ಪಾಟಾ ಎನ್ನುತ್ತಾರೆ. ಅವನ್ನು ಬಿಚ್ಚಿ, ಬಡಿದು, ಮತ್ತೆ ಕಟ್ಟುವುದೇ ಅವರ ಕಸುಬು. ಹಾಗಾಗಿ ಇಡೀ ಊರಿಗೆ ಅವರು ಪಾಟಾ ಕಾಕಾ, ನನಗೂ ಅಷ್ಟೇ. ಅವರ ಜೊತೆ ಮಾತಾಡಬೇಕೆಂದರೆ ಬಗ್ಗಬೇಕಿತ್ತು. ಮೊದಲ ಸಲ ಹೋದಾಗ ನಾನು ಕಾಲು ಗಂಟೆ ಲಾರಿಯ ಕೆಳಗಿನಿಂದ ಚಾಚಿದ ಎರಡು ಪಾದಗಳ ಜೊತೆಯೇ ಮಾತಾಡಿದ್ದೆ.

ನಾನು ಸುರಪುರದ ಹತ್ತಿರದ ಒಂದು ಹಳ್ಳಿಯ ಪಂಚಾಯಿತಿ ಕಚೇರಿಯಲ್ಲಿ ಗುಮಾಸ್ತೆ. ನಮ್ಮ ಮನೆಯವರು ಡ್ರೈವರ್, ಅದೂ ತಮ್ಮದೇ ಪಿಕಪ್ಪಿಗೆ. ಆ ಗಾಡಿ ಅವರ ಅಪ್ಪ ಕೊಂಡಾಗಲೇ ಹಳೆಯದು. ಉದ್ದ ಮೂತಿ, ದುಂಡನೆಯ ಎರಡು ದೀಪ, ಉಬ್ಬಿದ ಮಡ್‌ಗಾರ್ಡು. ಅಂಥವು ಈಗ ರಸ್ತೆಯಲ್ಲಿ ಕಾಣುವುದಿಲ್ಲ. ಕೊಡೇಕಲ್, ವಡಗೇರಾ, ಗುರುಮಠಕಲ್ ಎಂದು ಪಾತ್ರೆ ವ್ಯಾಪಾರಿಗಳ ಸಾಮಾನು ಹೊತ್ತು ಸಂತೆಯಿಂದ ಸಂತೆಗೆ ತಿರುಗಿದ ಗಾಡಿ ಅದು. ಒಂದು ದಿನ ಹೇರಿದ ಸಾಮಾನಿನ ಮೇಲೆ ನಿಂತು ತಾಡಪತ್ರಿ ಬಿಗಿಯುವಾಗ ಹಗ್ಗ ಹರಿದು ನಮ್ಮ ಮನೆಯವರು ಕೆಳಗೆ ಬಿದ್ದರು. ಬೆನ್ನೆಲುಬು ಮುರಿಯಿತು. ಆಪರೇಷನ್ ಆಯಿತು, ಕಾಲಿಗೆ ಶಕ್ತಿ ಬರಲಿಲ್ಲ. ವಾರಕ್ಕೊಮ್ಮೆ ಯಾದಗಿರಿಗೆ ಕರೆತಂದು ವ್ಯಾಯಾಮ ಮಾಡಿಸಿದರೆ ಬಂದರೂ ಬರಬಹುದು ಎಂದರು ಡಾಕ್ಟರು. ಆ 'ಬಂದರೂ ಬರಬಹುದು' ಎಂಬ ಮಾತಿನ ಮೇಲೆ ನಾನು ಆರು ವರ್ಷ ಗಾಡಿ ಓಡಿಸಿದ್ದೇನೆ.

ಕಾರಿನಲ್ಲಿ ಅವರಿಗೆ ಉದ್ದಕ್ಕೆ ಮಲಗಲು ಆಗದು, ಬಸ್ಸಿನ ಮಾತೇ ಇಲ್ಲ. ಮೇಲಾಗಿ, "ನಮ್ಮ ಗಾಡಿ ಬಾಗಲ್ದಾಗ ನಿಂತಿರೂವಾಗ ಮಂದಿ ಗಾಡಿ ಯಾಕ?" ಎಂಬ ಹಟ. ನಲವತ್ತೆರಡನೆಯ ವಯಸ್ಸಿನಲ್ಲಿ ನಾನು ಸ್ಟೇರಿಂಗ್ ಹಿಡಿದೆ. ಊರವರು ನಕ್ಕರು. ಹಿಂದೆ ಗಾದಿ ಹಾಸಿ ಅವರನ್ನು ಮಲಗಿಸಿಕೊಂಡು ಹೊರಟರೆ ಮೊದಲ ಗುಂಡಿಗೇ ಚೀರಾಟ. ಟನ್ನುಗಟ್ಟಲೆ ಹೊರಲು ಮಾಡಿದ ಪಾಟಾಗಳಿಗೆ ಒಬ್ಬ ಮನುಷ್ಯನ ಭಾರ ಲೆಕ್ಕಕ್ಕೇ ಇಲ್ಲ. ಅವು ಬಾಗುವುದಿಲ್ಲ, ಒದೆಯುತ್ತವೆ. ಅವರು ಬಾಯಲ್ಲಿ ಟವೆಲ್ ಕಚ್ಚಿಕೊಂಡು ಮಲಗುತ್ತಿದ್ದರು, ನಾನು ಎರಡನೆಯ ಗೇರಿನಲ್ಲಿ ತೆವಳುತ್ತಿದ್ದೆ. ಮನೆ ಸೇರುವಷ್ಟರಲ್ಲಿ ಇಬ್ಬರಿಗೂ ಮಾತು ಬೇಡವಾಗುತ್ತಿತ್ತು.

ಆರು ತಿಂಗಳಿಗೆ ನನಗೆ ಸಾಕಾಯಿತು. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ಹಳೆಯ ಗಾಡಿಗಳನ್ನು ಕೊಂಡು, ಬಣ್ಣ ಬಳಿದು, ಶೋಕಿಗೆ ನಿಲ್ಲಿಸಿಕೊಳ್ಳುವ ಕಲಬುರಗಿಯ ಒಬ್ಬರು ಎರಡು ಸಲ ಬಂದು ನಮ್ಮ ಪಿಕಪ್ಪನ್ನು ಕೇಳಿದ್ದರು. ಗಾಡಿ ಹೋದರೆ ಯಾದಗಿರಿಯೂ ಹೋಗುತ್ತದೆ ಎಂಬುದು ನನ್ನ ಮನಸ್ಸಿನ ಗುಟ್ಟು. ಮಾರೋಣ ಎಂದಾಗ ನಮ್ಮ ಮನೆಯವರು ಒಂದು ಷರತ್ತು ಹಾಕಿದರು.

"ದೊಡ್ಡ ಬಸ್ಸಿಗಿ ಕುಲುಕಬಾರದಂತ ಕೆಳಗ ಗಾಳಿ ಬಲೂನು ಇರ್ತಾವಲ್ಲ, ಅವನ್ನ ನಮ್ಮ ಗಾಡಿಗಿ ಕೂಡಸಾಕ ಬರ್ತದೇನಂತ ಪಾಟಾ ಕಾಕಾಗ ಕೇಳು. ಅವ್ರು ಬರಂಗಿಲ್ಲ ಅಂದ್ರ ಮಾರಿಬಿಡು, ನಾ ಒಂದ ಮಾತೂ ಆಡಂಗಿಲ್ಲ."

ಹೀಗೆ ನಾನು ಆ ಅಂಗಡಿಗೆ ಹೋದದ್ದು ಗಾಡಿ ರಿಪೇರಿಗಲ್ಲ, ಒಂದು ಸುಳ್ಳು ಹೇಳಿಸಲು. ಪಾದಗಳಿಗೆ ನಮ್ಮ ಕತೆಯನ್ನೆಲ್ಲ ಹೇಳಿ ಮುಗಿಸಿ, "ಕಾಕಾ, ಆಗಂಗಿಲ್ಲ ಅಂತ ಒಂದ ಮಾತ ಹೇಳ್ರಿ, ಸಾಕು" ಎಂದೆ.

ಪಾನಾದ ಸದ್ದು ನಿಂತಿತು. "ಯಾಕ?"

"ನನಗ ಸಾಕಾಗ್ಯಾದ್ರಿ."

ಮೊಣಕೈ ಊರಿ ಅವರು ಹೊರಗೆ ಜಾರಿ ಬಂದರು. ನನ್ನ ಮುಖ ನೋಡಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಬಂದು, ಹಿಂದಿನ ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕುಳಿತು, ಅಚ್ಚಿಗೂ ಅದರ ಮೇಲಿನ ಉಕ್ಕಿನ ಚೌಕಟ್ಟು ಚಾಸಿಗೂ ನಡುವೆ ಕೈ ತೂರಿಸಿ ಗೇಣು ಹಾಕಿದರು.

"ಆಗಂಗಿಲ್ಲ ಅಂದ್ರ ನಿನಗ ಚಲೋ ಆಗ್ತದ, ತಿಳೀತವ್ವಾ. ಆದ್ರ ಆಗ್ತದಲ್ಲ ಇದು! ಆಗೂದನ್ನ ಆಗಂಗಿಲ್ಲ ಅಂತ ನಾ ಹೆಂಗ ಹೇಳ್ಲಿ? ಬಸ್‌ಸ್ಟ್ಯಾಂಡ್ ಕಡಿ ಇನ್ನೊಬ್ಬ ಮಿಸ್ತ್ರಿ ಇದ್ದಾನ, ಅಲ್ಲಿ ಹೋಗು. ಆಂವ ಹೇಳ್ತಾನ."

ಸುಳ್ಳು ಹೇಳಿಸಲು ಎರಡನೆಯವರ ಬಳಿ ಹೋಗುವಷ್ಟು ತ್ರಾಣವೂ ನನ್ನಲ್ಲಿ ಇರಲಿಲ್ಲ. ಗಾಡಿಯನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ.

ದಪ್ಪ ರಬ್ಬರಿನ, ಎರಡು ಮಡಿಕೆಯ ಆ ಗಾಳಿ ಚೀಲಗಳು ಹೈದರಾಬಾದಿನಿಂದ ಬಂದವು. ಕಾಕಾ ಹಿಂದಿನ ಎರಡೂ ಕಡೆ ಪಾಟಾ ಬಿಚ್ಚಿ, ಅಚ್ಚನ್ನು ಹಿಡಿದುಕೊಳ್ಳಲು ಬೇಕಾದಷ್ಟು ಪಟ್ಟಿ ಉಳಿಸಿ ಮಿಕ್ಕವನ್ನು ರಾಶಿಗೆ ಎಸೆದರು. ಚೀಲ ಕೂರಲು ದಪ್ಪ ತಗಡು ಕತ್ತರಿಸಿ ಮಣೆ ಮಾಡಿದರು. ವೆಲ್ಡಿಂಗ್ ಮಾಡಿದರೆ ಅರ್ಧ ದಿನದ ಕೆಲಸ, ಆದರೆ ಅವರು ಒಂದೊಂದೇ ತೂತು ಕೊರೆದು ಬೋಲ್ಟು ಹಾಕುತ್ತ ಕುಳಿತರು. "ಚಾಸಿಗಿ ಬೆಂಕಿ ಮುಟ್ಟಸಬಾರದವ್ವಾ. ಮುಂದ ಮುರದ್ರ ಅಲ್ಲೇ ಮುರೀತದ." ಎಡಗಡೆಯ ಚೀಲದ ಪಕ್ಕದಲ್ಲೇ ಸೈಲೆನ್ಸರ್ ಕೊಳವೆ ಹಾದುಹೋಗಿತ್ತು. ಅದರ ಕಾವಿಗೆ ರಬ್ಬರು ಸುಡುತ್ತದೆಂದು ಕೊಳವೆಯನ್ನೇ ಬಾಗಿಸಿ ಆಚೆ ಸರಿಸಿದರು. ಐದು ದಿನವಾಯಿತು. ಆರನೆಯ ದಿನ ನನ್ನನ್ನು ಕರೆಸಿ, ಸ್ಟೇರಿಂಗ್ ಹಿಡಿ ಎಂದು ಹೇಳಿ, ತಾವು ಹಿಂದೆ ಹತ್ತಿ ನಮ್ಮ ಮನೆಯವರ ಗಾದಿಯ ಮೇಲೆ ಅಂಗಾತ ಮಲಗಿಬಿಟ್ಟರು.

"ಗಾಡಿ ಮೆತ್ತಗ ಆಗ್ಯಾದಂತ ಡ್ರೈವರ್ ಹೇಳಬಾರದು. ಹಿಂದ ಮಕ್ಕೊಂಡಾಂವ ಹೇಳಬೇಕು. ಹೊಡಿ ಗಾಡಿ. ಪಾನಾ ಬಡದ್ರ ನಿಲ್ಲಸು."

ದೋರನಹಳ್ಳಿಯ ದಾರಿ ಹಿಡಿದೆವು. ಬಿಳಿ ಧೋತರದ ಒಬ್ಬ ಮುದುಕರು ಎದೆಯ ಮೇಲೆ ಕೈ ಜೋಡಿಸಿ ಮಲಗಿರುವುದನ್ನು ನೋಡಿ ಬೈಕಿನವನೊಬ್ಬ ನನ್ನ ಪಕ್ಕಕ್ಕೆ ಬಂದು, "ಯಾರು ಹೋಗ್ಯಾರ್ರಿ?" ಎಂದು ಕೇಳಿದ. "ಯಾರೂ ಹೋಗಿಲ್ಲ. ನೀ ಮುಂದ ನೋಡ್ಕೊಂಡು ಹೋಗು" ಎಂದು ಹಿಂದಿನಿಂದ ಉತ್ತರ ಬಂತು. ಅವನ ಗಾಡಿ ರಸ್ತೆ ಬಿಟ್ಟು ಜಾಲಿಗೆ ನುಗ್ಗುವುದೊಂದು ಬಾಕಿ.

ಗುಂಡಿಗಳು ಬಂದವು, ಹೋದವು, ಪಾನಾದ ಸದ್ದಿಲ್ಲ. ಒಂದು ತಿರುವಿನಲ್ಲಿ ಮಾತ್ರ ಗಾಡಿ ಒಂದೇ ಕಡೆಗೆ ವಾಲಿತು, ಹಿಂದೆ ದಪ್ಪನೆ ಸದ್ದಾಯಿತು, ಪಾನಾ ಬಡಿಯಿತು. ಇಳಿದು ನೋಡಿದರೆ ಕಾಕಾ ಪಕ್ಕದ ಹಲಗೆಗೆ ಬಡಿದು ಹುಬ್ಬು ಒಡೆದುಕೊಂಡಿದ್ದರು. ರಕ್ತ ಒರೆಸಿಕೊಳ್ಳದೆ ಕೆಳಗೆ ಬಗ್ಗಿ ನೋಡುತ್ತಿದ್ದರು.

"ತಪ್ಪು ನಂದವ್ವಾ. ಎರಡೂ ಬಲೂನು ಒಂದ ಪೈಪಿಗಿ ಕೂಡಿಸೀನಿ. ಈ ಕಡಿ ಭಾರ ಬಿದ್ರ ಇದರ ಗಾಳಿ ಆ ಕಡಿ ಓಡಿ ಹೋಗ್ತದ, ಗಾಡಿ ಮಗ್ಗಲಾಗ್ತದ. ನಿನ್ನ ಗಂಡ ಇಲ್ಲಿ ಮಕ್ಕೊಂಡಿದ್ರ ಏನು ಗತಿ?"

ದೊಡ್ಡ ಮಿಸ್ತ್ರಿಗಳು ತಮ್ಮ ತಪ್ಪನ್ನು ರಸ್ತೆಗೋ ಡ್ರೈವರಿಗೋ ಅಂಟಿಸುವುದನ್ನು ನಾನು ಕಂಡಿದ್ದೆ. ಇವರು ಮರುದಿನ ಒಂದೊಂದು ಚೀಲಕ್ಕೂ ಬೇರೆ ಪೈಪು, ಬೇರೆ ವಾಲ್ವು ಹಾಕಿ, ಮತ್ತೆ ಅದೇ ತಿರುವಿಗೆ ಹೋಗಿ ಮೂರು ಸಲ ಮಲಗಿ ಬಂದರು.

ನಮ್ಮ ಮನೆಯವರನ್ನು ಮಲಗಿಸಿಕೊಂಡು ಹೋದ ದಿನ ಭೀಮಾ ಸೇತುವೆ ಬಂದರೂ ಹಿಂದಿನಿಂದ ಸದ್ದಿಲ್ಲ. ಜೀವ ಹಾರಿದಂತಾಗಿ ಗಾಡಿ ನಿಲ್ಲಿಸಿ ಓಡಿ ನೋಡಿದರೆ ಬಾಯಿ ತೆರೆದು ನಿದ್ದೆ ಹೋಗಿದ್ದಾರೆ. ಟವೆಲ್ ಮಡಿಸಿ ತಲೆಯಡಿ ಇಟ್ಟುಕೊಂಡಿದ್ದಾರೆ. ಸಂತೋಷವಾಯಿತು, ಸುಳ್ಳಲ್ಲ. ಅದರ ಬೆನ್ನಿಗೇ ಕಾಕಾನ ಮೇಲೆ ಕೆಟ್ಟ ಸಿಟ್ಟು ಬಂತು. ಇನ್ನು ನನಗೆ ನೆಪವಿರಲಿಲ್ಲ. ಮರಳುವಾಗ ಶಹಾಪುರದ ಮಲಗಿದ ಬುದ್ಧನ ಗುಡ್ಡ ಕಂಡಾಗ ನಮ್ಮ ಮನೆಯವರು ಹಿಂದಿನಿಂದ, "ನೋಡ, ಆಂವನೂ ಮಕ್ಕೊಂಡಾನ, ನಾನೂ ಮಕ್ಕೊಂಡೀನಿ. ಇಬ್ರಿಗೂ ಈಗ ಆರಾಮ" ಎಂದು ಕೂಗಿ ನಕ್ಕರು. ನಾನು ನಗಲಿಲ್ಲ. ನನಗೆ ಮುಂದಿನ ವಾರ ಕಾಣುತ್ತಿತ್ತು.

ನಡುವೆ ನಾನೊಂದು ದಡ್ಡತನ ಮಾಡಿದೆ. ಗಾಳಿ ಹೆಚ್ಚಿದ್ದಷ್ಟೂ ಮೆತ್ತಗಿರುತ್ತದೆ ಎಂದುಕೊಂಡು ಪಂಕ್ಚರ್ ಅಂಗಡಿಯಲ್ಲಿ ಚೀಲಗಳನ್ನು ಬಿಗಿಯಾಗಿ ತುಂಬಿಸಿದೆ. ಆ ದಿನ ಟವೆಲ್ ಮತ್ತೆ ಬಾಯಿಗೆ ಹೋಯಿತು. ಕಾಕಾ ಬೈದದ್ದು ಅದೊಂದೇ ಸಲ. "ಗಾದಿಗಿ ಹತ್ತಿ ಬಡದು ಬಡದು ತುಂಬಿ ಮಕ್ಕೋ, ನಿದ್ದಿ ಬರ್ತದೇನು ನೋಡು!" ಆಮೇಲೆ ನನ್ನ ಕೈ ಹಿಡಿದು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಇರಿಸಿದರು. ಗಾದಿಯ ಮೇಲೆ ಆಳು ಮಲಗಿದಾಗ ಅಲ್ಲಿ ನಾಲ್ಕು ಬೆರಳು ಹಿಡಿಯಬೇಕು. ಐದಾದರೆ ಗಾಳಿ ಬಿಡು, ಮೂರಾದರೆ ತುಂಬು. ಅಂದಿನಿಂದ ಹೊರಡುವ ಮುನ್ನ ನಾನು ಬೆರಳಿಟ್ಟು ನೋಡುತ್ತೇನೆ.

ತಿಂಗಳಿಗೊಮ್ಮೆ, ಭಾನುವಾರ, ಬೋಲ್ಟು ಬಿಗಿಸಲು ಅವರ ಬಳಿ ಹೋಗುತ್ತಿದ್ದೆ. ಅವರು ಕೆಳಗೆ ತೂರಿದ ಕೂಡಲೇ ನನ್ನ ಗೋಳು ಶುರು. ಕಚೇರಿಯ ಗೋಳು, ಮನೆಯ ಗೋಳು, ಮುಗಿಯದ ರಸ್ತೆಯ ಗೋಳು. ಕೆಳಗಿನಿಂದ "ಹೌದವ್ವಾ", "ಹೌದಲ್ಲ ಮತ್ತ" ಎಂದು ಬರುತ್ತಿತ್ತು. ಮೂರನೆಯ ವರ್ಷ ಒಮ್ಮೆ ನಾನು ಗಾಡಿಯಿಂದ ಇಳಿಯುವುದನ್ನು ನೋಡಿದ ಅವರು ಕೆಳಗೆ ಹೋಗಲಿಲ್ಲ.

"ಹಿಂದಿನಾಂವಂದು ಆತು. ನಿನ್ನ ನಡ ಹೆಂಗದ?"

"ನಾ ಆರಾಮ ಅದೀನ್ರಿ ಕಾಕಾ."

"ಆರಾಮ ಇದ್ದಾಕಿ ಬಾಗಲಾ ಹಿಡಕೊಂಡು ಇಳಿಯಂಗಿಲ್ಲ."

ಡ್ರೈವರ್ ಸೀಟನ್ನು ಬಿಚ್ಚಿ ಕೆಳಗಿಳಿಸಿದರು. ಒಳಗಿನ ಸ್ಪ್ರಿಂಗು ಎಂದೋ ಕುಸಿದಿತ್ತು. ಹಳೆಯ ಬಸ್ಸಿನ ಸೀಟಿನಿಂದ ಸ್ಪ್ರಿಂಗು ತೆಗೆದು ಕೂರಿಸಿ, ಮೇಲೆ ತೆಂಗಿನ ನಾರು ತುಂಬಿ ಹೊಲಿಸಿ, ಮತ್ತೆ ಜೋಡಿಸುವಾಗ ಇಡೀ ಸೀಟನ್ನು ಒಂದು ಗೇಣು ಮುಂದಕ್ಕೆ ಸರಿಸಿ ಹೊಸ ತೂತು ಕೊರೆದರು. "ಇದು ನಿನ್ನ ಗಂಡನ ಅಳತಿ ಸೀಟವ್ವಾ. ನಿನ್ನ ಕಾಲು ಕ್ಲಚ್ಚಿಗಿ ಮುಟ್ಟಂಗಿಲ್ಲ." ಮೂರು ವರ್ಷ ನಾನು ಸೀಟಿನ ತುದಿಯಲ್ಲಿ ಕುಳಿತು ಓಡಿಸಿದ್ದೆ. ಅದು ನನಗೇ ತಿಳಿದಿರಲಿಲ್ಲ.

ನಂಟರು, ಡಾಕ್ಟರು, ಕಚೇರಿಯವರು ಎಲ್ಲರೂ ನನ್ನನ್ನು ಕಂಡಾಗ ಕೇಳುತ್ತಿದ್ದುದು ಒಂದೇ, "ಅವರು ಹೇಗಿದ್ದಾರೆ?" ನಾನು ಹೇಗಿದ್ದೇನೆ ಎಂದು ಕೇಳಿದವರು ಇವರೊಬ್ಬರೇ. ಹೊಸ ಸೀಟಿನ ಮೇಲೆ ಕುಳಿತದ್ದೇ ತಡ, ಅಳು ಒತ್ತರಿಸಿ ಬಂತು. "ಅಳೂದಿದ್ರ ಅಳವ್ವಾ. ನನಗ ಕೆಳಗ ಕೆಲಸ ಅದ" ಎಂದು ಅವರು ಪಕ್ಕದ ಲಾರಿಯ ಕೆಳಗೆ ತೂರಿಕೊಂಡರು. ಆ ಲಾರಿಯ ಕೆಲಸ ಬೆಳಿಗ್ಗೆಯೇ ಮುಗಿದಿತ್ತೆಂದು ಆಮೇಲೆ ಪಕ್ಕದ ಚಹಾದಂಗಡಿಯವನು ಹೇಳಿದ.

ಕಳೆದ ವರ್ಷ ಕಾಕಾ ಸೊರಗಿದರು. ಕೆಳಗೆ ತೂರಿ ಹೊರಬರಲು ಬಹಳ ಹೊತ್ತು ಹಿಡಿಯುತ್ತಿತ್ತು. ಯಾದಗಿರಿಗೆ ಹೋಗುವ ದಿನ ನೋಡಿದರೆ ಅಂಗಡಿ ಮುಚ್ಚಿರುತ್ತಿತ್ತು. ವಯಸ್ಸಾಯಿತು, ವಾರಕ್ಕೊಂದು ರಜೆ ಹಿಡಿಯುತ್ತಾರೆ ಎಂದುಕೊಂಡೆ. ಭಾನುವಾರ ಹೋದಾಗ ಎಂದಿನಂತೆ ನನ್ನ ಗೋಳನ್ನೇ ಹೇಳಿದೆ.

ಈ ಬೇಸಿಗೆಯಲ್ಲಿ ನಮ್ಮ ಮನೆಯವರು ಎರಡು ಕೋಲು ಊರಿ ಎಂಟು ಹೆಜ್ಜೆ ನಡೆದರು. ಮೊದಲು ಕಾಕಾಗೆ ತೋರಿಸಬೇಕು ಎಂದು ಅವರದೇ ಹಟ. ಭಾನುವಾರ ಹೋದರೆ ಅಂಗಡಿಗೆ ಬೀಗ. "ಕಾಕಾ ಹೋಗ್ಯಾರ್ರಿ. ನಾಕ ದಿನ ಆತು" ಎಂದ ಚಹಾದಂಗಡಿಯವನು.

ಮನೆ ಹುಡುಕಿಕೊಂಡು ಹೋದೆವು. ನಮ್ಮ ಮನೆಯವರು ಕೋಲು ಊರಿ ಹೊಸ್ತಿಲ ತನಕ ಬಂದು ನಿಂತರು. ಕಾಕಾನ ಹೆಂಡತಿ, ಕಾಕಿ, ಗೋಡೆಗೆ ಒರಗಿ ಕುಳಿತಿದ್ದರು. ಹೊಟ್ಟೆಯಲ್ಲಿ ಗಡ್ಡೆ ಎಂದರು. ಹತ್ತು ತಿಂಗಳಿಂದ ಇತ್ತಂತೆ.

"ವಾರಕ್ಕೊಮ್ಮಿ ಯಾದಗಿರಿ ದವಾಖಾನಿಗಿ ಹೋಗಿ ಸಲಾಯಿನ್ ಹಚ್ಚಿಸ್ಕೊಂಡು ಬರ್ತಿದ್ರವ್ವಾ. ಬಸ್ಸಿನ್ಯಾಗ. ಹಿಂದಿನ ಸೀಟು ಸಿಕ್ರ ಕುಲುಕಾಟಕ್ಕ ಹೊಟ್ಟಿ ಹಿಡಕೊಂಡು ಒದ್ದಾಡ್ತಿದ್ರು."

"ಯಾವ ದಿನ ಹೋಗ್ತಿದ್ರು ಕಾಕಿ?"

"ಗುರುವಾರ. ನೀವೂ ಅವತ್ತ ಹೋಗ್ತೀರಂತಲ್ಲ. ಆಕಿಗಿ ಒಂದ ಮಾತ ಹೇಳ್ರಿ, ಕರಕೊಂಡು ಹೋಗ್ತಾಳ ಅಂತ ನಾನೂ ಅಂದೆ. ಆಕಿಗಿ ಒಬ್ಬಾಂವನ್ನ ಹೊರೂದ ಭಾಳ ಆಗ್ಯಾದ, ಮತ್ತ ನಾ ಬ್ಯಾರೆ ಯಾಕ ಅಂದ್ರು."

ಹತ್ತು ತಿಂಗಳ ಅಷ್ಟೂ ಗುರುವಾರ ನಾನು ಅವರ ಅಂಗಡಿಯ ಮುಂದಿನಿಂದಲೇ ಹೋಗಿದ್ದೇನೆ. ಅವರು ಬಸ್ಸಿಗೆ ಕಾಯುವ ನಿಲ್ದಾಣವನ್ನೂ ದಾಟಿಕೊಂಡು ಹೋಗಿದ್ದೇನೆ. ನೀವು ಹೇಗಿದ್ದೀರಿ ಕಾಕಾ ಎಂದು ಒಂದು ಸಲ ಕೇಳಿದ್ದರೆ ಸಾಕಿತ್ತು. ಅಷ್ಟೂ ದಿನ ನನ್ನ ಪಕ್ಕದ ಸೀಟಿನಲ್ಲಿ ಬುತ್ತಿಯ ಚೀಲವೊಂದೇ ಇತ್ತು.